ಲಿವರ್ ರೈಫಲ್‌ಗೆ ದೊಡ್ಡ ಬೋರ್ ತೋಟೆ: ಈ ನಂಬರ್‌ಗಳ ಅರ್ಥವೇನು, ಆರಿಸೋದು ಹೇಗೆ?

ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಗೆ ಬರುತ್ತವೆ. ಒರೆಸಿ, ಎಣ್ಣೆ ಹಾಕಿ, ಪೂಜೆಗಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂವು, ಅಂದರೆ ಕೋವಿ ಹೂವು, ಸಿಕ್ಕಿಸುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಈಗೀಗ ಇದರ ಜೊತೆ ಇನ್ನೊಂದು ಸೇರಿಕೊಂಡಿದೆ. ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಭಾವ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ರೈಫಲ್ ಫೋಟೋ ಹಾಕುತ್ತಾರೆ. ಟ್ರಿಗರ್ ಕೆಳಗೆ ಉದ್ದನೆಯ ಕಬ್ಬಿಣದ ಹಿಡಿ (ಅದೇ ಲಿವರ್), ಹಳೇ ಕೌಬಾಯ್ ಸಿನಿಮಾಗಳಲ್ಲಿ ನೋಡಿದ್ದಂಥದ್ದೇ. ಕೆಳಗೊಂದು ಸಾಲು: '.45-70 ತಗೊಳ್ಳಲಾ, .444 ತಗೊಳ್ಳಲಾ?'

ಊರಲ್ಲಿರುವವರಿಗೆ 12 ಬೋರ್ ಗೊತ್ತು, .22 ಗೊತ್ತು. ಈ ಹೊಸ ನಂಬರ್‌ಗಳ ಮುಂದೆ ಎಲ್ಲರೂ ಸುಮ್ನೆ ಹೆಬ್ಬೆರಳು ಎತ್ತಿ ಮುಗಿಸುತ್ತಾರೆ. ಆದರೆ ವಿಷಯ ಅಷ್ಟೇನೂ ಕಷ್ಟದ್ದಲ್ಲ. ತೋಟೆಯಿಂದ ಶುರು ಮಾಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ತೋಟೆಯೊಳಗೆ ಏನಿದೆ?

ತೋಟೆ ಅನ್ನಿ, ಕಾಡತೂಸು ಅನ್ನಿ, ಅದರಲ್ಲಿ ನಾಲ್ಕು ಭಾಗ. ಹೊರಗೆ ಹಿತ್ತಾಳೆಯ ಕೇಸು. ಅದರ ತಳದಲ್ಲಿ ಕೇಪು. ಒಳಗೆ ಮದ್ದು. ಬಾಯಲ್ಲಿ ಗುಂಡು. ಕೇಪಿನ ಕೋವಿ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅಲ್ಲಿ ಮದ್ದು, ಗುಂಡು, ಕೇಪು ಬೇರೆ ಬೇರೆಯಾಗಿ ತುಂಬಬೇಕು, ಇಲ್ಲಿ ಎಲ್ಲವೂ ಒಂದೇ ಕೇಸಿನಲ್ಲಿ. ಟ್ರಿಗರ್ ಎಳೆದಾಗ ಸೂಜಿ ಕೇಪಿಗೆ ಬಡಿಯುತ್ತದೆ, ಕೇಪು ಕಿಡಿ ಕೊಡುತ್ತದೆ, ಮದ್ದು ಉರಿದು ಗ್ಯಾಸ್ ಆಗುತ್ತದೆ. ಆ ಗ್ಯಾಸಿನ ಒತ್ತಡ ಗುಂಡನ್ನು ನಳಿಗೆಯಿಂದ ಆಚೆ ತಳ್ಳುತ್ತದೆ. ಈ ಒತ್ತಡ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಮುಖ್ಯ ವಿಷಯವೆಲ್ಲ ಅಲ್ಲೇ ಇದೆ.

ನಂಬರ್ ಓದುವುದು ಹೇಗೆ?

ನಮ್ಮ 12 ಬೋರ್‌ನ ಲೆಕ್ಕವೇ ಬೇರೆ. ಒಂದು ಪೌಂಡ್ ಸೀಸವನ್ನು ಸಮನಾಗಿ 12 ಉಂಡೆ ಮಾಡಿದರೆ ಒಂದೊಂದು ಉಂಡೆ ಎಷ್ಟು ದಪ್ಪ ಬರುತ್ತದೋ, ನಳಿಗೆಯ ತೂತು ಅಷ್ಟು ದಪ್ಪ. ಅಂದರೆ ಸುಮಾರು 18.5 ಮಿಲಿಮೀಟರ್. ಹಾಗಾಗಿ 16 ಬೋರ್ ಅಂದರೆ 12ಕ್ಕಿಂತ ಸಣ್ಣದು.

ರೈಫಲ್‌ಗಳದ್ದು ನೇರ ಲೆಕ್ಕ. .45 ಅಂದರೆ ಒಂದು ಇಂಚನ್ನು ನೂರು ಭಾಗ ಮಾಡಿದರೆ ಅದರಲ್ಲಿ 45 ಭಾಗ. .22 ಅಂದರೆ 22 ಭಾಗ. .45-70ರ ಗುಂಡು ನಿಜಕ್ಕೂ .458 ಇಂಚು ದಪ್ಪ, ಅಂದರೆ 11.6 ಮಿಲಿಮೀಟರ್. ಮನೆಯ ಜೋಡಿ ನಳಿಗೆಯ 12 ಬೋರ್ ತೂತು ಇದಕ್ಕಿಂತ ಎಷ್ಟೋ ದೊಡ್ಡದು ಅಲ್ವಾ? ಹೌದು. ಆದರೂ ಅದನ್ನು ದೊಡ್ಡ ಬೋರ್ ರೈಫಲ್‌ಗಳ ಗುಂಪಿಗೆ ಸೇರಿಸುವುದಿಲ್ಲ. ಅದು ಒಳಗೆ ನುಣುಪಾದ ನಳಿಗೆ, ಮುಖ್ಯವಾಗಿ ಚರೆಗೆ, ಅಂದರೆ ಸಣ್ಣ ಸೀಸದ ಕಾಳುಗಳಿಗೆ ಅಂತ ಮಾಡಿದ್ದು. ರೈಫಲ್ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ. ಅವು ಗುಂಡನ್ನು ತಿರುಗಿಸಿ ಬಿಡುತ್ತವೆ, ತಿರುಗುವ ಗುಂಡು ಗಾಳಿಯಲ್ಲಿ ಓಲಾಡದೆ ಹೋಗುತ್ತದೆ.

ಇನ್ನು ಎರಡನೇ ನಂಬರ್. .45-70ರಲ್ಲಿ 70 ಅಂದರೆ 70 ಗ್ರೇನ್ ಕಪ್ಪು ಮದ್ದು. ಗ್ರೇನ್ ಹಳೇ ತೂಕದ ಅಳತೆ, ಒಂದು ಗ್ರಾಂಗೆ ಸುಮಾರು ಹದಿನೈದೂವರೆ ಗ್ರೇನ್. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಈ ತೋಟೆ ಬಂದಾಗ ಅಷ್ಟು ಕಪ್ಪು ಮದ್ದು ತುಂಬುತ್ತಿದ್ದರು. ಈಗ ಹೊಗೆಯಿಲ್ಲದ ಮದ್ದು ಬಂದಿದೆ, 70 ಗ್ರೇನ್ ಯಾರೂ ತುಂಬುವುದಿಲ್ಲ, ಹೆಸರು ಮಾತ್ರ ಹಾಗೇ ಉಳಿದಿದೆ.

ಎಲ್ಲ ಹೆಸರಿಗೂ ಇದೇ ಸೂತ್ರ ಹಿಡಿದರೆ ಎಡವುತ್ತೀರಿ. .30-06ರಲ್ಲಿ 06 ಅನ್ನುವುದು 1906ನೇ ಇಸವಿ. .444 ಮಾರ್ಲಿನ್‌ನ ಗುಂಡು .444 ಇಲ್ಲವೇ ಇಲ್ಲ, .429 ಇಂಚು. .44 ಮ್ಯಾಗ್ನಮ್‌ದೂ ಅದೇ .429. ಹೆಸರಿಟ್ಟವರು ಮಾರಾಟದ ಲೆಕ್ಕ ನೋಡಿದ್ದಾರೆಯೇ ಹೊರತು ಅಳತೆಪಟ್ಟಿ ನೋಡಿಲ್ಲ.

ಲಿವರ್ ರೈಫಲ್‌ಗೆ ಇರುವ ಕಟ್ಟುಪಾಡು

ಲಿವರನ್ನು ಕೆಳಗೆ ತಳ್ಳಿದರೆ ಖಾಲಿ ಕೇಸು ಆಚೆ ಬೀಳುತ್ತದೆ. ಮೇಲಕ್ಕೆ ಎಳೆದರೆ ಹೊಸ ತೋಟೆ ಒಳಗೆ ಹೋಗುತ್ತದೆ. ಕೈ ಹಿಡಿತ ಬಿಡದೆ ಬೇಗ ಇನ್ನೊಂದು ಗುಂಡು ಹೊಡೆಯಬಹುದು, ಅದೇ ಇದರ ಆಕರ್ಷಣೆ.

ತೋಟೆಗಳು ಇರುವುದೆಲ್ಲಿ? ಬಹುಪಾಲು ಲಿವರ್ ರೈಫಲ್‌ಗಳಲ್ಲಿ ನಳಿಗೆಯ ಕೆಳಗೆ ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಕೊಳವೆ ಇರುತ್ತದೆ. ರೈಫಲ್‌ನ ಬಲಗಡೆ ಒಂದು ಪುಟ್ಟ ಸ್ಪ್ರಿಂಗ್ ಬಾಗಿಲು. ಹೆಬ್ಬೆರಳಲ್ಲಿ ಒತ್ತಿ ತೋಟೆಗಳನ್ನು ಒಂದರ ಹಿಂದೆ ಒಂದು ತಳ್ಳಬೇಕು. ಒಳಗೆ ಅವು ಸಾಲಾಗಿ ಮಲಗುತ್ತವೆ. ಹಿಂದಿನ ತೋಟೆಯ ಗುಂಡಿನ ಮೂತಿ ಮುಂದಿನದರ ತಳಕ್ಕೆ, ಸರಿಯಾಗಿ ಕೇಪಿನ ಮೇಲೇ ತಾಗಿಕೊಂಡಿರುತ್ತದೆ.

ತೊಂದರೆ ಇಲ್ಲೇ ಇರುವುದು. ಮೂತಿ ಚೂಪಾಗಿದ್ದರೆ, ಗುಂಡು ಹಾರಿ ರೈಫಲ್ ಹಿಂದಕ್ಕೆ ಒದ್ದಾಗ ಆ ಚೂಪು ಮುಂದಿನ ಕೇಪಿಗೆ ಸೂಜಿಯ ಕೆಲಸ ಮಾಡಬಹುದು. ಕೊಳವೆಯೊಳಗೇ ತೋಟೆ ಸಿಡಿಯಬಹುದು. ಅದಕ್ಕೇ ಇಂಥ ರೈಫಲ್‌ಗೆ ಚಪ್ಪಟೆ ಮೂತಿಯ ಗುಂಡೇ ಬೇಕು. ಚಪ್ಪಟೆ ಮೂತಿ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ, ಹಾಗಾಗಿ ದೂರಕ್ಕೆ ಆಗಿಬರುವುದಿಲ್ಲ. ಈಗ ಹಾರ್ನಡಿ ಕಂಪನಿ ಮೆತ್ತನೆಯ ರಬ್ಬರಿನಂಥ ತುದಿಯ ಚೂಪು ಗುಂಡು ಮಾಡಿದೆ. ಒತ್ತಿದರೆ ಬಗ್ಗುತ್ತದೆ, ಕೇಪನ್ನು ಚುಚ್ಚುವುದಿಲ್ಲ.

ಕೊಳವೆಯೇ ಇಲ್ಲದ ಲಿವರ್ ರೈಫಲ್‌ಗಳೂ ಇವೆ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ವಿಂಚೆಸ್ಟರ್ 1895ರಲ್ಲಿ ತೋಟೆಗಳು ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಬ್ರೌನಿಂಗ್ ಬಿಎಲ್‌ಆರ್‌ನಲ್ಲೂ ಹಾಗೇ. ಅವಕ್ಕೆ ಚೂಪು ಗುಂಡು ನಡೆಯುತ್ತದೆ.

ದಪ್ಪ ಗುಂಡು ಅಂದರೆ ಜೋರು ಗುಂಡೇ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ.

.45-70ರ ಹಳೇ ಮಾದರಿಯ ಕಂಪನಿ ತೋಟೆಯಲ್ಲಿ ಗುಂಡಿನ ತೂಕ 405 ಗ್ರೇನ್, ಅಂದರೆ 26 ಗ್ರಾಂ. .22ರ ಗುಂಡು ಎರಡೂವರೆ ಗ್ರಾಂ ಚಿಲ್ಲರೆ, ಇದು ಅದರ ಹತ್ತರಷ್ಟು. ವೇಗ ಸೆಕೆಂಡಿಗೆ ಸುಮಾರು 405 ಮೀಟರ್. ಪಕ್ಕದಲ್ಲಿ .30-30 ಇಡಿ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ತಲೆಮಾರುಗಳಿಂದ ಬಳಸುವ ಸಾಧಾರಣ ತೋಟೆ ಇದು, ಯಾರೂ ಇದನ್ನು ದೊಡ್ಡ ಬೋರ್ ಅನ್ನುವುದಿಲ್ಲ. ಗುಂಡು 170 ಗ್ರೇನ್, 11 ಗ್ರಾಂ. ವೇಗ ಸೆಕೆಂಡಿಗೆ 670 ಮೀಟರ್.

ನಳಿಗೆಯ ಬಾಯಲ್ಲಿ ಶಕ್ತಿ ಎಷ್ಟು? .45-70ರದ್ದು ಸುಮಾರು 2,150 ಜೂಲ್. .30-30ರದ್ದು ಸುಮಾರು 2,480. ಸಣ್ಣದೇ ಮುಂದಿದೆ! ಶಕ್ತಿಯ ಲೆಕ್ಕದಲ್ಲಿ ವೇಗವನ್ನು ಎರಡು ಸಲ ಗುಣಿಸುತ್ತೇವೆ, ತೂಕವನ್ನು ಒಂದೇ ಸಲ. ವೇಗದ ಗುಂಡಿಗೆ ಕಾಗದದ ಮೇಲೆ ಯಾವಾಗಲೂ ಲಾಭ.

ಹಾಗಾದರೆ ಜನ .45-70 ಯಾಕೆ ಕೊಳ್ಳುತ್ತಾರೆ? ತೂಕವನ್ನೂ ವೇಗವನ್ನೂ ಒಂದೊಂದೇ ಸಲ ಗುಣಿಸಿದರೆ ಬರುವ ಲೆಕ್ಕ ಬೇರೆ. ಅದರಲ್ಲಿ .45-70 ಸುಮಾರು ನಲವತ್ತು ಶೇಕಡಾದಷ್ಟು ಮುಂದಿದೆ. ಭಾರದ ಗುಂಡು ಮೂಳೆ ಸಿಕ್ಕರೂ ಸುಲಭಕ್ಕೆ ನಿಲ್ಲುವುದಿಲ್ಲ, ನೇರವಾಗಿ ಆಳಕ್ಕೆ ಇಳಿಯುತ್ತದೆ. ಅದರ ದಪ್ಪ ಮೊದಲೇ ಇದೆ, ಸಣ್ಣ ಗುಂಡಿನ ಹಾಗೆ ಒಳಗೆ ಹೋಗಿ ಅರಳಿ ದಪ್ಪವಾಗಬೇಕಿಲ್ಲ. ಅಲಾಸ್ಕಾದ ಕಡೆ ಕರಡಿ ಇರುವ ಜಾಗದಲ್ಲಿ ಓಡಾಡುವವರು ಲಿವರ್ ಗನ್‌ನಲ್ಲಿ ಇದನ್ನು ಇಟ್ಟುಕೊಳ್ಳುವುದು ಈ ಕಾರಣಕ್ಕೆ. ಅಲ್ಲಿ ಪ್ರಾಣಿ ಹತ್ತಿರ ಬಂದಿರುತ್ತದೆ, ದೂರದ ಮಾತೇ ಇಲ್ಲ.

ದೂರಕ್ಕೆ ಹೋದರೆ ಇದೇ ಗುಂಡು ಕೈಕೊಡುತ್ತದೆ. ನೂರು ಗಜಕ್ಕೆ ಗುರಿ ಹೊಂದಿಸಿದ 405 ಗ್ರೇನ್ ಗುಂಡು ಇನ್ನೂರು ಗಜದಲ್ಲಿ ಸುಮಾರು ಎರಡು ಅಡಿ ಕೆಳಗೆ ಬೀಳುತ್ತದೆ. ಅದೇ ದೂರದಲ್ಲಿ .30-06ರ 180 ಗ್ರೇನ್ ಗುಂಡು ಬೀಳುವುದು ನಾಲ್ಕು ಇಂಚಿನ ಆಸುಪಾಸು. ಎರಡು ಅಡಿ ಅಂದರೆ ತೆಂಗಿನಕಾಯಿ ಬಿಡಿ, ಗೊನೆಯೇ ತಪ್ಪುತ್ತದೆ.

'ದಪ್ಪ ಗುಂಡು ಪೊದೆ ಸೀಳಿಕೊಂಡು ನೇರ ಹೋಗುತ್ತೆ' ಅಂತ ಹೇಳುವವರು ಎಲ್ಲ ಕಡೆಯೂ ಸಿಗುತ್ತಾರೆ. ನಂಬಬೇಡಿ. ಕಡ್ಡಿಗೆ ತಾಗಿದರೆ ಯಾವ ಗುಂಡೂ ದಾರಿ ತಪ್ಪುತ್ತದೆ, ದಪ್ಪಗಿರುವುದೂ ಸೇರಿ.

ಒಂದೇ ಹೆಸರು, ಮೂರು ಬಗೆಯ ಒತ್ತಡ

ದೊಡ್ಡ ಬೋರ್ ಆರಿಸುವವರು ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು. ಬೇರೆಲ್ಲ ರುಚಿಯ ವಿಷಯ. ಇದು ಕೈ ಕಣ್ಣಿನ ವಿಷಯ.

.45-70 ಬಂದಾಗ ಅದಕ್ಕೆ ಅಂತ ಇದ್ದದ್ದು ಸ್ಪ್ರಿಂಗ್‌ಫೀಲ್ಡ್ ರೈಫಲ್. ಹಿಂದೆ ಮುಚ್ಚಳ ಎತ್ತಿ ಒಂದೊಂದೇ ತೋಟೆ ಹಾಕುವಂಥದ್ದು. ಆ ಕಾಲದ ಕಬ್ಬಿಣ, ಆ ಕಾಲದ ಕಪ್ಪು ಮದ್ದು. ಅಂಥ ರೈಫಲ್‌ಗಳು ಈಗಲೂ ಬಳಕೆಯಲ್ಲಿವೆ. ಅದಕ್ಕೇ ಅಮೆರಿಕದ ತೋಟೆ ತಯಾರಕರ ಸಂಸ್ಥೆ ಸಾಮಿ ಈ ತೋಟೆಗೆ ಒತ್ತಡದ ಮಿತಿಯನ್ನು ಬಹಳ ಕೆಳಗೆ ಇಟ್ಟಿದೆ: 28,000 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಅನ್ನುವ ಅಳತೆ). ಹೋಲಿಸಿ ನೋಡಿ. .44 ಮ್ಯಾಗ್ನಮ್‌ಗೆ 36,000. .30-30ಕ್ಕೆ 42,000. .30-06ಕ್ಕೆ 60,000.

ಆಮೇಲೆ ಗಟ್ಟಿ ಉಕ್ಕಿನ ಲಿವರ್ ರೈಫಲ್‌ಗಳು ಬಂದವು. ಮಾರ್ಲಿನ್ ಕಂಪನಿ 1972ರಲ್ಲಿ 1895 ಅನ್ನುವ ಹಳೇ ಹೆಸರಿನಲ್ಲೇ ಹೊಸ .45-70 ಮಾಡಿತು. ಇದು ಇನ್ನಷ್ಟು ಒತ್ತಡ ತಡೆಯುತ್ತದೆ. ರೂಗರ್ ನಂಬರ್ ವನ್ ಅನ್ನುವ ಒಂಟಿ ಗುಂಡಿನ ರೈಫಲ್ ಅದಕ್ಕಿಂತಲೂ ಜಾಸ್ತಿ ತಡೆಯುತ್ತದೆ. ಹೀಗೆ ಒಂದೇ .45-70 ತೋಟೆಗೆ ಮೂರು ಬಗೆಯ ಭರ್ತಿ, ಅಂದರೆ ಮದ್ದು ತುಂಬುವ ಪ್ರಮಾಣ, ಹುಟ್ಟಿಕೊಂಡಿತು: ಹಳೇ ರೈಫಲ್‌ಗೆ ಹಗುರ, ಹೊಸ ಲಿವರ್‌ಗೆ ಮಧ್ಯಮ, ಅತಿ ಗಟ್ಟಿ ರೈಫಲ್‌ಗೆ ಬಿಸಿ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ. ಮೂರೂ ಎಲ್ಲ .45-70 ರೈಫಲ್‌ಗಳ ಒಳಗೂ ಹೋಗಿ ಕೂರುತ್ತವೆ.

ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹಳೇ ಪೈಪ್ ಲೈನ್‌ಗೆ ಹೊಸ ದೊಡ್ಡ ಮೋಟಾರ್ ಜೋಡಿಸಬಹುದು, ಜಾಯಿಂಟ್ ಸರಿಯಾಗೇ ಕೂರುತ್ತದೆ. ಸ್ವಿಚ್ ಹಾಕಿದ ಮೇಲೆ ಗೊತ್ತಾಗುವುದು ಎಲ್ಲಿ ಒಡೆಯಿತು ಅಂತ. ರೈಫಲ್‌ನಲ್ಲಿ ಒಡೆಯುವ ಜಾಗ ನಿಮ್ಮ ಕೆನ್ನೆಯ ಪಕ್ಕದಲ್ಲೇ ಇರುತ್ತದೆ.

ತೋಟೆ ಪೆಟ್ಟಿಗೆಯ ಮೇಲೆ 'ಹೊಸ ಲಿವರ್ ರೈಫಲ್‌ಗಳಿಗೆ ಮಾತ್ರ' ಅನ್ನುವಂಥ ಎಚ್ಚರಿಕೆ ಅಥವಾ ಹೆಸರಿನ ಮುಂದೆ ಪ್ಲಸ್ ಪಿ ಅಂತ ಇದ್ದರೆ ಅದು ಹಗುರ ಭರ್ತಿ ಅಲ್ಲ, ಜೋರು ಭರ್ತಿ. ಅಜ್ಜನ ಕಾಲದ ರೈಫಲ್‌ಗೆ ಅದು ಬೇಡವೇ ಬೇಡ.

ಈ ಗೊಂದಲ ತಪ್ಪಿಸಲಿಕ್ಕೇ 2000ನೇ ಇಸವಿಯಲ್ಲಿ ಮಾರ್ಲಿನ್ ಮತ್ತು ಹಾರ್ನಡಿ ಸೇರಿ .450 ಮಾರ್ಲಿನ್ ತಂದವು. ಗುಂಡು ಅದೇ .458. ಒತ್ತಡದ ಮಿತಿ 43,500 ಪಿಎಸ್‌ಐ. ಕೇಸಿನ ತಳದಲ್ಲಿ ಒಂದು ಉಬ್ಬಿದ ಪಟ್ಟಿ ಕೊಟ್ಟರು, ಹಾಗಾಗಿ ಹಳೇ .45-70 ರೈಫಲ್ ಒಳಗೆ ಅದು ಹೋಗುವುದೇ ಇಲ್ಲ. ಯೋಚನೆ ಚೆನ್ನಾಗಿತ್ತು. ಜನ ಮಾತ್ರ .45-70 ಬಿಡಲಿಲ್ಲ. ಈಗ .450 ಮಾರ್ಲಿನ್‌ಗೆ ಹೊಸ ರೈಫಲ್ ಸಿಗುವುದೇ ಅಪರೂಪ.

ಭುಜದ ಲೆಕ್ಕ

ಮುಂದಕ್ಕೆ ಎಷ್ಟು ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದೆ. ಕೋವಿ ಹಗುರ ಆದಷ್ಟೂ ಒದೆತ ಜಾಸ್ತಿ. ಮೂರು ಕಿಲೋ ಚಿಲ್ಲರೆ ತೂಕದ ಲಿವರ್ ರೈಫಲ್‌ನಲ್ಲಿ .30-30ರ ಒದೆತವನ್ನು ಒಂದು ಅಂತ ಇಟ್ಟುಕೊಂಡರೆ, ಹಗುರ ಭರ್ತಿಯ .45-70 ಸುಮಾರು ಎರಡು ಆಗುತ್ತದೆ. ಜೋರು ಭರ್ತಿ ಮೂರನ್ನೂ ದಾಟುತ್ತದೆ.

ಹಳೇ ಮಾದರಿಯಲ್ಲಿ ಇನ್ನೊಂದು ಕಾಟ. ಭುಜಕ್ಕೆ ತಾಗುವ ಕಡೆ ಕಿರಿದಾದ, ಒಳಕ್ಕೆ ಬಾಗಿದ ಉಕ್ಕಿನ ತಗಡು. ನೋಡಲು ಚೆಂದ. ಅದರ ಎರಡು ಮೊನೆಗಳು ಮಾತ್ರ ಭುಜಕ್ಕೆ ಕುತ್ತುತ್ತವೆ. ಈಗಿನವುಗಳಲ್ಲಿ ಅಗಲವಾದ ರಬ್ಬರ್ ಇರುತ್ತದೆ, ಎಷ್ಟೋ ವಾಸಿ.

ನೋವಿಗಿಂತ ದೊಡ್ಡ ಸಮಸ್ಯೆ ಗುರಿಯದು. ಎರಡು ಸಲ ಜೋರಾಗಿ ಒದೆಸಿಕೊಂಡವರು ಮೂರನೇ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾರೆ, ಭುಜ ಬಿಗಿ ಮಾಡುತ್ತಾರೆ. ಗುಂಡು ಎಲ್ಲೋ ಹೋಗುತ್ತದೆ. ತೆಂಗಿನಕಾಯಿ ಸ್ಪರ್ಧೆಯಲ್ಲಿ 12 ಬೋರ್ ಹಿಡಿದ ಹೊಸಬರನ್ನು ಪಕ್ಕದಲ್ಲಿ ನಿಂತು ನೋಡಿದರೆ ಸಾಕು, ಇದು ಕಣ್ಣಿಗೇ ಕಾಣುತ್ತದೆ.

ಹಾಗಾದರೆ ಯಾವುದು?

ಭಾವನ ಪ್ರಶ್ನೆಗೆ ಈಗ ಬರೋಣ. ಬೋರ್ ಎಷ್ಟು ದಪ್ಪ ಅನ್ನುವುದು ಕೊನೆಯ ಪ್ರಶ್ನೆ. ಯಾವ ಕೆಲಸಕ್ಕೆ, ಎಷ್ಟು ದೂರಕ್ಕೆ, ಆ ರೈಫಲ್ ಎಷ್ಟು ತಡೆಯುತ್ತದೆ, ತೋಟೆ ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆಯೇ ಅನ್ನುವುದು ಮೊದಲು.

.44 ಮ್ಯಾಗ್ನಮ್ 1955ರ ಪಿಸ್ತೂಲ್ ತೋಟೆ. ಉದ್ದ ನಳಿಗೆಯಲ್ಲಿ ಹಾಕಿದರೆ 240 ಗ್ರೇನ್ ಗುಂಡು ಸೆಕೆಂಡಿಗೆ 530 ಮೀಟರ್ ದಾಟುತ್ತದೆ. ಒದೆತ ಕಡಿಮೆ, ಕೊಳವೆಯಲ್ಲಿ ಹತ್ತರವರೆಗೆ ತೋಟೆ ಹಿಡಿಯುತ್ತದೆ. ನೂರು ಗಜದೊಳಗೆ ಗುರಿ ಹೊಡೆದು ಖುಷಿಪಡುವವರಿಗೆ ಇದು ಸಾಕು. ದೊಡ್ಡ ಬೋರ್ ಅನ್ನುವ ಹೆಸರಿನ ಆಸೆಯೂ ತೀರುತ್ತದೆ.

.444 ಮಾರ್ಲಿನ್ 1964ರದ್ದು. ಅದೇ .429 ಗುಂಡನ್ನು ಉದ್ದ ಕೇಸಿನಲ್ಲಿ ಇಟ್ಟು ಸೆಕೆಂಡಿಗೆ 700 ಮೀಟರ್‌ಗೂ ಮೇಲೆ ಓಡಿಸುತ್ತದೆ. .45-70ರ ಹಗುರ ಭರ್ತಿಗಿಂತ ನೇರ ಹೋಗುತ್ತದೆ. ಆದರೆ ಮೊದಮೊದಲಿನ ರೈಫಲ್‌ಗಳಲ್ಲಿ ನಳಿಗೆಯ ಸುರುಳಿ ತೀರಾ ನಿಧಾನ, 38 ಇಂಚಿಗೆ ಒಂದು ಸುತ್ತು. ಹಗುರ ಗುಂಡಿಗೆ ಸರಿ, ಭಾರದ ಉದ್ದ ಗುಂಡು ಸರಿಯಾಗಿ ತಿರುಗುವುದಿಲ್ಲ. ಆಮೇಲೆ 20 ಇಂಚಿಗೆ ಒಂದು ಸುತ್ತು ಮಾಡಿದರು. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಇದನ್ನು ಕೇಳಿಕೊಂಡೇ ಕೊಳ್ಳಬೇಕು. ತೋಟೆಯೂ ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ.

ಉಳಿದದ್ದು .45-70. ನೂರೈವತ್ತು ವರ್ಷ ದಾಟಿದರೂ ಅಮೆರಿಕದಲ್ಲಿ ಸುಲಭವಾಗಿ ಸಿಗುವ ದೊಡ್ಡ ಬೋರ್ ಇದೇ. 300 ಗ್ರೇನ್‌ನಿಂದ 500ರವರೆಗೆ ಗುಂಡು ಸಿಗುತ್ತದೆ. ಹಗುರ ಭರ್ತಿಯಲ್ಲಿ ಅಭ್ಯಾಸ ಮಾಡಿ, ಬೇಕೆಂದಾಗ ಜೋರಿನದಕ್ಕೆ ಹೋಗಬಹುದು. ಮಾರ್ಲಿನ್ ಈಗ ರೂಗರ್ ಕೈಯಲ್ಲಿದೆ, 2021ರ ಕೊನೆಯಿಂದ 1895 ಮತ್ತೆ ಬರುತ್ತಿದೆ. ಹೊಸದಾಗಿ ಒಂದೇ ಒಂದು ದೊಡ್ಡ ಬೋರ್ ಲಿವರ್ ಕೊಳ್ಳುವವರು ಹೆಚ್ಚಾಗಿ ಇಲ್ಲಿಗೇ ಬಂದು ನಿಲ್ಲುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ. ಜಿಂಕೆ ಬೇಟೆಗೆ ಮಾತ್ರ ಅನ್ನುವುದಾದರೆ ದೊಡ್ಡ ಬೋರ್ ಯಾಕೆ? .30-30 ಸಾಕಲ್ವಾ?

ಕೊಡಗಿನಲ್ಲಿ ಕೂತು ಯೋಚಿಸುವವರಿಗೆ

ನಮ್ಮಲ್ಲಿ ಲೆಕ್ಕ ಪೂರ್ತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಕೊಡವರಿಗೂ ಜಮ್ಮಾ (ಕೊಡಗಿನ ಪರಂಪರಾಗತ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಜ. ಬ್ರಿಟಿಷರ ಕಾಲದಲ್ಲಿ 1861ರಲ್ಲಿ ಶುರುವಾಗಿ, 1963ರ ಕೇಂದ್ರದ ಅಧಿಸೂಚನೆಯಲ್ಲಿ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್‌ವರೆಗೆ ವಿಸ್ತರಣೆಯಾಗಿದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಆದರೆ ಇದು ಬೇಟೆಗೆ ಅನುಮತಿ ಅಲ್ಲ. ಯಾವ ಬೋರ್ ಬೇಕಾದರೂ ಇಟ್ಟುಕೊಳ್ಳಿ ಅಂತಲೂ ಅಲ್ಲ. ಸೈನ್ಯ, ಪೊಲೀಸರು ಬಳಸುತ್ತಿದ್ದ .303ನಂಥವು ನಿಷೇಧಿತ ಬೋರ್ ಪಟ್ಟಿಯಲ್ಲಿವೆ. ಅದಕ್ಕೇ ನಮ್ಮ ಆರ್ಡನೆನ್ಸ್ ಫ್ಯಾಕ್ಟರಿ ಸಾಮಾನ್ಯ ಜನರಿಗೆ ಅಂತ ಮಾಡುವುದು .315 ಮತ್ತು .30-06.

ಭಾವ ಬರುವಾಗ ರೈಫಲ್ ತರಲಿ ಅನ್ನುವುದೂ ಸುಲಭವಿಲ್ಲ. 1980ರ ದಶಕದಿಂದ ಖಾಸಗಿಯವರು ಬಂದೂಕು ಆಮದು ಮಾಡಿಕೊಳ್ಳುವುದಕ್ಕೆ ಬಿಗಿ ನಿರ್ಬಂಧವಿದೆ.

ದೊಡ್ಡ ಬೋರ್‌ಗೂ ಈ ದೇಶಕ್ಕೂ ಹಳೇ ನಂಟಿದೆ. 1907ರ ಹೊತ್ತಿಗೆ ಬ್ರಿಟಿಷರು ಭಾರತಕ್ಕೆ .450 ಬೋರ್ ತರುವುದನ್ನೇ ನಿಲ್ಲಿಸಿದರು. ಸೈನ್ಯದ ಹಳೇ ಮಾರ್ಟಿನಿ ಹೆನ್ರಿ ರೈಫಲ್‌ದೂ ಅದೇ ಅಳತೆ, ಗುಂಡು ಬಂಡಾಯಗಾರರ ಕೈಗೆ ಹೋದೀತು ಅನ್ನುವ ಭಯ. ಇಂಗ್ಲೆಂಡಿನ ಬಂದೂಕು ತಯಾರಕರು ಸುಮ್ಮನೆ ಕೂರಲಿಲ್ಲ. ಅಳತೆ ಸ್ವಲ್ಪ ಬದಲಿಸಿ .465, .470 ಅಂತ ಹೊಸ ತೋಟೆ ತಂದರು. ಕಾನೂನಿಗೆ ಹೆದರಿ ಹುಟ್ಟಿದ ತೋಟೆಗಳು ಇವು.

ಇದೇ ಕಾಲದಲ್ಲಿ, 1904ರಲ್ಲಿ, ವಿಂಚೆಸ್ಟರ್ 1895 ಲಿವರ್ ರೈಫಲ್‌ಗೆ .405 ವಿಂಚೆಸ್ಟರ್ ತೋಟೆ ಬಂತು. 300 ಗ್ರೇನ್ ಗುಂಡು, ಸೆಕೆಂಡಿಗೆ 670 ಮೀಟರ್, ಶಕ್ತಿ 4,300 ಜೂಲ್‌ಗೂ ಮೇಲೆ. ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಇದನ್ನೂ ಒಯ್ದಿದ್ದರು. ಬೆಂಗಳೂರಿನ ಶಿಕಾರಿ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೋಗುವಾಗ ಹಿಡಿದಿದ್ದದ್ದೂ .405 ವಿಂಚೆಸ್ಟರ್. ದಕ್ಷಿಣ ಭಾರತದ ಕಾಡು ಕಂಡ ದೊಡ್ಡ ಬೋರ್ ಲಿವರ್ ಅಂದರೆ ಮೊದಲು ನೆನಪಾಗುವುದು ಇದೇ.

ಅಂಥದ್ದೊಂದು ನಿಮ್ಮ ಐನ್‌ಮನೆಯ (ಕುಟುಂಬದ ಮೂಲ ಮನೆಯ) ಅಲ್ಮೇರಾದಲ್ಲಿ ದಾಖಲೆ ಸಮೇತ ಇದ್ದರೆ, ನಳಿಗೆಯ ಮೇಲೆ ಕೆತ್ತಿರುವ ಬೋರ್ ಓದಿ, ಪತ್ರದಲ್ಲಿ ಬರೆದದ್ದಕ್ಕೆ ತಾಳೆ ನೋಡಿ. ಗುಂಡು ಹೊಡೆಯುವ ಮೊದಲು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸಿ. ಪಕ್ಕದ ಡಬ್ಬಿಯಲ್ಲಿ ಹಸಿರು ಹಿಡಿದ ಹಳೇ ತೋಟೆಗಳಿದ್ದರೆ ಅವನ್ನು ರೈಫಲ್‌ಗೆ ಹಾಕಲೇಬೇಡಿ. ಮದ್ದು ಕೆಟ್ಟಿದ್ದರೆ ಗುಂಡು ನಳಿಗೆಯ ಅರ್ಧದಲ್ಲೇ ಸಿಕ್ಕಿಕೊಳ್ಳಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆಯೇ ಸೀಳಿಹೋಗುತ್ತದೆ.